ಶ್ರೀಕಂಠ ಆರಿಸಿದ ಚಾಕು

ಶ್ರೀಕಂಠನಿಗೆ ಅವನ ಮನೆಯಲ್ಲಿ ಬೆಂಡೆಕಾಯಿ ಹೆಚ್ಚುವ ಅಧಿಕಾರವೂ ಇರಲಿಲ್ಲ. ಮದುವೆಯಾದ ಹೊಸದರಲ್ಲಿ ಒಮ್ಮೆ ಹುಳಿಗೆಂದು ಅವನು ಹೆಚ್ಚಿಕೊಟ್ಟ ಬೆಂಡೆಕಾಯಿ ನೋಡಿ ಹೆಂಡತಿ ಮೈಥಿಲಿ, “ಇದನ್ನ ಹೆಚ್ಚಿದ್ದಾ, ಮುರಿದಿದ್ದಾ?” ಎಂದು ಕೇಳಿದ್ದಳು. ಅಂದಿನಿಂದ ಆ ಸಂಸಾರದಲ್ಲಿ ಚಾಕು ಅವಳ ಕೈಯಲ್ಲೇ ಉಳಿಯಿತು. ಅವಳಾದರೋ ಅಮೆರಿಕದ ವಾಲ್ನಟ್ ಕ್ರೀಕಿನ ಆಸ್ಪತ್ರೆಯೊಂದರಲ್ಲಿ ಸರ್ಜನ್. ಬೆಳಗ್ಗೆ ಯಾರದೋ ಹೊಟ್ಟೆ ಕೊಯ್ದು, ಸಂಜೆ ಫ್ರೀಮಾಂಟಿನ ಮನೆಗೆ ಬಂದು ಅದೇ ನಿರ್ಲಿಪ್ತ ಮುಖದಲ್ಲಿ ಬದನೆಕಾಯಿ ಹೆಚ್ಚುವವಳು. ಇಂಥ ಮನೆಯ ಯಜಮಾನ ಈ ಸಲದ ಬೇಸಿಗೆ ಮುಗಿಯುವ ಹೊತ್ತಿಗೆ ಕಾಡಿನಲ್ಲಿ ಬಳಸುವ ಚಾಕುಗಳ ವಿಷಯದಲ್ಲಿ ಪಂಡಿತನಾಗಿದ್ದ ಎಂದರೆ ಅದಕ್ಕೊಂದು ಕಾರಣ ಇರಲೇಬೇಕು. ಕಾರಣ ಮಗಳು.

ತನ್ವಿಗೆ ಹನ್ನೆರಡು ತುಂಬಿದ್ದೇ ತಡ, ಅಪ್ಪ ಎಂಬ ಪ್ರಾಣಿಯ ದರ್ಜೆ ಒಂದೇ ಸಮ ಇಳಿಯತೊಡಗಿತ್ತು. ಮೊದಲು ಸ್ಕೂಲಿನ ಬಾಗಿಲವರೆಗೂ ಕೈ ಹಿಡಿದುಕೊಂಡು ಬರುತ್ತಿದ್ದವಳು, ಆಮೇಲೆ ಗೇಟಿನ ಹತ್ತಿರ ಇಳಿಸು ಎಂದಳು, ಆಮೇಲೆ ಮೂಲೆಯ ಸ್ಟಾಪ್ ಸೈನಿನ ಹತ್ತಿರ. “ಹಿಯರ್ ಈಸ್ ಫೈನ್ ಅಪ್ಪ, ಐ ವಿಲ್ ವಾಕ್” ಎಂದು ಹೇಳಿ, ಕಾರಿನ ಬಾಗಿಲು ಹಾಕಿ, ತಾನು ಯಾವುದೋ ಊಬರಿನಿಂದ ಇಳಿದವಳ ಹಾಗೆ ನಡೆದುಬಿಡುತ್ತಿದ್ದಳು. ಶ್ರೀಕಂಠ ಸೀಟಿನಲ್ಲಿ ಕೂತು ಅವಳ ಬ್ಯಾಗು ಕಾಣದಾಗುವವರೆಗೂ ನೋಡುತ್ತಿದ್ದ. ಹಿಂದಿನ ಕಾರಿನವರು ಹಾರನ್ ಮಾಡುತ್ತಿದ್ದರು. ಮನೆಯಲ್ಲಿ ಕನ್ನಡದಲ್ಲಿ ಏನು ಕೇಳಿದರೂ ಅವಳ ಉತ್ತರ ಇಂಗ್ಲಿಷಿನಲ್ಲಿ, ಅದೂ ಒಂದೇ ಪದದಲ್ಲಿ. ಊಟ ಹೇಗಿತ್ತು ಪುಟ್ಟಿ? ಗುಡ್. ಸ್ಕೂಲಿನಲ್ಲಿ ಏನಾಯಿತು? ನಥಿಂಗ್. ಇಷ್ಟು ಸಣ್ಣ ಸಣ್ಣ ಪದಗಳಲ್ಲಿ ಮನಸ್ಸು ಇಷ್ಟು ನೋಯಬಹುದು ಎಂದು ಅವನಿಗೆ ಯಾರೂ ಮೊದಲೇ ಹೇಳಿರಲಿಲ್ಲ.

ಹೀಗಿರುವಾಗ ಒಂದು ದಿನ ಅವಳೇ ಅವನ ರೂಮಿನ ಬಾಗಿಲಿಗೆ ಒರಗಿ ನಿಂತಳು. ಕಣ್ಣು ಫೋನಿನ ಮೇಲೆ. ಅವಳು ಸೇರಿದ್ದ ಹುಡುಗಿಯರ ಔಟ್‌ಡೋರ್ ಕ್ಲಬ್ಬಿನವರು ಅಕ್ಟೋಬರಿನಲ್ಲಿ ಮಾರ್ಗನ್ ಹಿಲ್ ಆಚೆಯ ಬೆಟ್ಟದ ಪಾರ್ಕಿನಲ್ಲಿ ಕ್ಯಾಂಪಿಂಗ್ ಇಟ್ಟುಕೊಂಡಿದ್ದರು. ಕೆಲವು ಅಪ್ಪ ಅಮ್ಮಂದಿರು ಜೊತೆಗೆ ಬಂದು ಒಬ್ಬೊಬ್ಬರು ಒಂದೊಂದು ಕೆಲಸ ಕಲಿಸಬೇಕು. ಅಮ್ಮನಿಗೆ ಆ ವಾರಾಂತ್ಯ ಆಸ್ಪತ್ರೆಯ ಡ್ಯೂಟಿ.

“ದೇ ನೀಡ್ ಸಮ್‌ವನ್ ಫಾರ್ ದ ಫೈರ್,” ಎಂದಳು ತನ್ವಿ. “ನೋ ಮ್ಯಾಚ್ ಬಾಕ್ಸ್. ಲೈಕ್, ವಿತ್ ಎ ನೈಫ್ ಅಂಡ್ ಆಲ್. ಐ ಸೆಡ್ ಯೂ ಕ್ಯಾನ್.”

“ಓ, ಮಾಡೋಣ ಕಂದ, ಅದಕ್ಕೇನಂತೆ,” ಎಂದ ಶ್ರೀಕಂಠ, ಅದನ್ನು ಹೇಗೆ ಮಾಡಬೇಕು ಎಂದು ಯೋಚಿಸುವ ಮೊದಲೇ.

“ಜಸ್ಟ್ ಡೋಂಟ್ ಬಿ ವಿಯರ್ಡ್, ಓಕೆ?”

ಅವಳು ಹೋದಳು. ಶ್ರೀಕಂಠನಿಗೆ ಕಣ್ಣು ಮಂಜಾಯಿತು. ಎಷ್ಟೋ ತಿಂಗಳ ಮೇಲೆ ಮಗಳು ಅವನನ್ನು ಏನೋ ಒಂದು ಕೇಳಿದ್ದಳು. ಅದರಲ್ಲೂ ಕ್ಲಬ್ಬಿನ ಹುಡುಗಿಯರ ಮುಂದೆ, ನಮ್ಮಪ್ಪನಿಗೆ ಬರುತ್ತದೆ ಎಂದು ಹೇಳಿ ಬಂದಿದ್ದಳು. ಇದನ್ನು ಸರಿಯಾಗಿ ನಿಭಾಯಿಸಿದರೆ ಇನ್ನೊಂದು ವರ್ಷವಾದರೂ ಅವಳು ತನ್ನ ಪಕ್ಕ ಕೂರಬಹುದು. ಕೆಡಿಸಿದರೆ, ಸ್ಕೂಲಿಗೆ ಬಿಡುವ ಜಾಗ ಸ್ಟಾಪ್ ಸೈನಿನಿಂದ ಫ್ರೀವೇಯ ಎಕ್ಸಿಟ್ಟಿಗೆ ಹೋಗುತ್ತದೆ. ಇದು ಅವನಿಗೆ ಸ್ಪಷ್ಟವಾಗಿ ಗೊತ್ತಿತ್ತು.

ಇನ್ನು ಬೇಕಾದ್ದು ಒಂದು ಚಾಕು ಮಾತ್ರ.

ಮೆನ್ಲೋ ಪಾರ್ಕಿನ ಆಫೀಸಿನಲ್ಲಿ ಊಟಕ್ಕೆ ಕೂತಾಗ ಮಧುಕರನಿಗೆ ವಿಷಯ ಹೇಳಿದ. ಮಧುಕರ ಹಾಸನದವನು, ಟೀಮಿನಲ್ಲಿ ಇವನ ಪಕ್ಕದ ಕುರ್ಚಿಯವನು, ಪ್ರತಿ ಬೇಸಿಗೆಯಲ್ಲೂ ಟೆಂಟು ಹೊತ್ತುಕೊಂಡು ಎಲ್ಲಿಗಾದರೂ ಹೋಗುವವನು.

“ಆರೆಂಜ್ ಹಿಡೀದು ಒಂದು ಬರುತ್ತೆ ಗುರು,” ಎಂದ ಮಧುಕರ. “ಪ್ಲಾಸ್ಟಿಕ್ ಹಿಡಿ, ಪ್ಲಾಸ್ಟಿಕ್ ಒರೆ, ಸ್ಟೇನ್‌ಲೆಸ್ಸು. ಕ್ಯಾಂಪಿಂಗ್ ಸಾಮಾನಿನ ಅಂಗಡೀಲಿ ನೇತಾಕಿರ್ತಾರೆ. ಚೀಪು. ಸಂಜೆ ಹೋಗಿ ತಗೋ, ಮುಗೀತು.”

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಶ್ರೀಕಂಠ ಇಂಜಿನಿಯರು. ಒಂದು ಮಿಕ್ಸಿ ಕೊಳ್ಳಬೇಕಾದರೂ ಮಿಕ್ಸಿಯ ಇತಿಹಾಸದಿಂದ ಶುರು ಮಾಡುವ ಜಾತಿ. ಬೇರೆಯವರು ಹೇಳಿದ್ದನ್ನು ಹೇಳಿದ ಹಾಗೆ ಕೊಂಡರೆ ತನ್ನ ಓದಿಗೆ ಅವಮಾನ ಎಂದು ತಿಳಿದವನು. ಅವತ್ತು ಮಧ್ಯಾಹ್ನದ ಮೀಟಿಂಗಿನಲ್ಲಿ ಕ್ಯಾಮೆರಾ ಆಫ್ ಮಾಡಿ ಮೊದಲ ಟ್ಯಾಬು ತೆರೆದ. ಆಗಸ್ಟು ಹೋಗಿ ಸೆಪ್ಟೆಂಬರು ಬಂದರೂ ಆ ಟ್ಯಾಬು ಮುಚ್ಚಲಿಲ್ಲ. ಅದರ ಪಕ್ಕದಲ್ಲಿ ಸಂಸಾರ ಬೆಳೆಯುತ್ತ ಹೋಯಿತು.

ಮಡಿಚುವ ಚಾಕು ಮೊದಲ ದಿನವೇ ಬಿದ್ದುಹೋಯಿತು. ಸೌದೆಗೆ ಕೊಟ್ಟು ಬಡಿದರೆ ಕೀಲು ಸಡಿಲವಾಗುತ್ತದೆ, ಬೆರಳಿನ ಮೇಲೇ ಮಡಿಚಿಕೊಂಡರೂ ಮಡಿಚಿಕೊಂಡೀತು. ಆದ್ದರಿಂದ ಮಡಿಚದ ಚಾಕು, ಒರೆಯಲ್ಲಿ ಇಡುವಂಥದ್ದು. ಅದರಲ್ಲೂ ಅಲಗಿನ ಉಕ್ಕು ಹಿಡಿಯ ತುದಿಯವರೆಗೂ ಒಂದೇ ತುಂಡಾಗಿ ಹೋಗಿರಬೇಕು, ಇದಕ್ಕೆ ಫುಲ್ ಟ್ಯಾಂಗ್ ಎನ್ನುತ್ತಾರೆ ಎಂದು ಅವನು ಒಂದು ಭಾನುವಾರ ಉಪ್ಪಿಟ್ಟು ತಿನ್ನುತ್ತ ಮನೆಯವರಿಗೆ ವಿವರಿಸಿದ. ಮೈಥಿಲಿ ಚಟ್ನಿ ಬೇಕಾ ಎಂದು ಕೇಳಿದಳು. ತನ್ವಿ ತಟ್ಟೆ ತೆಗೆದುಕೊಂಡು ಸೋಫಾಕ್ಕೆ ಹೋದಳು.

ಅಲಗು ಎಷ್ಟು ಉದ್ದ ಇರಬೇಕು ಎಂಬುದರಲ್ಲಿ ಒಂದು ವಾರ ಹೋಯಿತು. ಶ್ರೀಕಂಠನ ಮನಸ್ಸು ಮೊದಲು ಮೊಳಕೈ ಉದ್ದದ ಒಂದರ ಮೇಲೆ ಇತ್ತು. ಕಾಡುಹಂದಿ ಎದುರಾದರೂ ಸೈ ಅನ್ನುವಂಥದ್ದು. ಅದರ ಚಿತ್ರ ನೋಡಿದ ಮೈಥಿಲಿ, “ಶ್ರೀ, ನಾನು ಮನುಷ್ಯರನ್ನ ಕೊಯ್ಯೋದೇ ಇದರ ಕಾಲು ಭಾಗ ಇಲ್ಲದ್ದರಲ್ಲಿ,” ಎಂದಳು. ಮಾತು ಮನಸ್ಸಿಗೆ ತಟ್ಟಿತು. ನಾಲ್ಕು ಇಂಚಿಗೆ ಇಳಿದ. ಫೋರಮ್ಮುಗಳಲ್ಲಿ ತಿಳಿದವರೂ ಅದನ್ನೇ ಹೇಳಿದ್ದರು ಎಂದು ಆಮೇಲೆ ನೆನಪಾಯಿತು.

ಇನ್ನು ಉಕ್ಕು. ಸ್ಟೇನ್‌ಲೆಸ್ ಆದರೆ ತುಕ್ಕು ಹಿಡಿಯುವುದಿಲ್ಲ, ತೊಳೆದು ಇಟ್ಟರೆ ಆಯಿತು. ಕಾರ್ಬನ್ ಸ್ಟೀಲಾದರೆ ಬೇಗ ಮಸೆಯಬಹುದು, ಆದರೆ ಒರೆಸಬೇಕು, ಎಣ್ಣೆ ಸವರಬೇಕು, ಮರೆತರೆ ತುಕ್ಕು. ಯಾವ ಬುದ್ಧಿವಂತನಾದರೂ ಮೊದಲನೆಯದನ್ನು ಆರಿಸುತ್ತಾನೆ. ಶ್ರೀಕಂಠನಿಗೆ ಮಾತ್ರ ಎಣ್ಣೆ ಸವರಬೇಕು ಎಂದು ಓದಿದ ಕೂಡಲೇ ಅದು ಸಂಸ್ಕಾರವಂತರ ಚಾಕು ಅನ್ನಿಸಿಬಿಟ್ಟಿತು. ಕೊಬ್ಬರಿ ಎಣ್ಣೆ ಆಗುತ್ತದೆಯೇ ಎಂದು ಫೋರಮ್ಮಿನಲ್ಲಿ ಕೇಳಿದ. ಮೊಂಟಾನಾದ ಒಬ್ಬ ಮಹಾನುಭಾವ, ನಾನು ನೋಡಿಲ್ಲ, ನೀವು ಹಾಕಿ ನೋಡಿ ನಮಗೂ ತಿಳಿಸಿ ಎಂದು ಬರೆದ. ಆ ಉತ್ತರವನ್ನು ಶ್ರೀಕಂಠ ಮಧುಕರನಿಗೆ ತೋರಿಸಿ, ನೋಡು, ಎಕ್ಸ್‌ಪರ್ಟುಗಳು ನನ್ನನ್ನು ಕೇಳುತ್ತಿದ್ದಾರೆ ಎಂದು ಜಂಬ ಕೊಚ್ಚಿಕೊಂಡ.

ಬೆಲೆಯ ವಿಷಯದಲ್ಲಿ ಅವನದು ಒಂದೇ ಹಟ, ಅಗ್ಗದ್ದೇ ಆಗಬೇಕು. ಕೈಯಿಂದ ಬಡಿದು ಮಾಡಿದ, ಮಗುವಿನ ಡೇಕೇರಿನ ಫೀಸಿಗೆ ಸಮನಾದ ಚಾಕುಗಳನ್ನು ದೂರದಿಂದ ನೋಡಿ ನಿಟ್ಟುಸಿರಿಟ್ಟು ಮುಂದೆ ಹೋಗುತ್ತಿದ್ದ. ದುಬಾರಿಯದನ್ನು ಯಾರು ಬೇಕಾದರೂ ಕೊಳ್ಳಬಹುದು, ಅಗ್ಗದ್ದರಲ್ಲಿ ಒಳ್ಳೆಯದನ್ನು ಹುಡುಕುವುದೇ ಕಲೆ ಎಂಬುದು ನಮ್ಮವರೆಲ್ಲರ ನಂಬಿಕೆ. ಎರಡು ಮಸಾಲೆ ದೋಸೆಯ ದುಡ್ಡು ಉಳಿಸಲು ಎರಡು ತಿಂಗಳ ಸಂಜೆಗಳನ್ನು ಸುರಿಯುವುದಕ್ಕೆ ನಮ್ಮಲ್ಲಿ ಯಾರಿಗೂ ನಾಚಿಕೆ ಇಲ್ಲ, ಶ್ರೀಕಂಠನಿಗಂತೂ ಮೊದಲೇ ಇಲ್ಲ.

ಕೊನೆಗೆ ಕಣದಲ್ಲಿ ಎರಡು ಚಾಕು ಉಳಿದವು. ಒಂದು, ಮಧುಕರ ಮೊದಲ ದಿನ ಹೇಳಿದ್ದ ಆ ಆರೆಂಜ್ ಹಿಡಿಯದು. ಇನ್ನೊಂದು, ಮರದ ಹಿಡಿ, ಕಾರ್ಬನ್ ಸ್ಟೀಲು, ಚರ್ಮದ ಒರೆ, ಒರೆಗೆ ಒಂದು ಮುಚ್ಚಳ, ಮುಚ್ಚಳಕ್ಕೆ ಹಿತ್ತಾಳೆಯ ಗುಂಡಿ. ಕೆಲಸದಲ್ಲಿ ಎರಡೂ ಒಂದೇ ಎಂದು ಎಲ್ಲರೂ ಬರೆದಿದ್ದರು. ಪ್ಲಾಸ್ಟಿಕ್ ಒರೆ ನಡೆಯುವಾಗ ಟಕಟಕ ಎನ್ನುತ್ತದೆ ಎಂದು ಒಬ್ಬನು ಮಾತ್ರ ಗೊಣಗಿದ್ದ. ಶ್ರೀಕಂಠ ಆ ಒಬ್ಬನ ಮಾತು ಹಿಡಿದುಕೊಂಡು ಚರ್ಮದ ಒರೆಯದನ್ನು ತರಿಸಿದ. ನಿಜ ಹೇಳಬೇಕೆಂದರೆ, ಸೊಂಟದಲ್ಲಿ ಚರ್ಮದ ಒರೆ ಕಟ್ಟಿಕೊಂಡು ಬೆಂಕಿಯ ಮುಂದೆ ನಿಂತ ತನ್ನನ್ನು ತನ್ವಿ ನೋಡುವುದು ಅವನಿಗೆ ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತಿತ್ತು. ಆ ಚಿತ್ರದಲ್ಲಿ ಪ್ಲಾಸ್ಟಿಕ್ಕಿಗೆ ಜಾಗ ಇರಲಿಲ್ಲ.

ಚಾಕು ಬಂತು. ಬಂದ ಮೇಲೆ ತಿಳಿಯಿತು, ಅದು ನಿಜವಾಗಿಯೂ ಚೂಪಾಗಿದೆ ಎಂದು. ಅಲಗನ್ನು ಹೊರಗೆ ತೆಗೆದು, ಅದರ ಮೇಲೆ ಬೆಳಕು ಓಡಿದ್ದನ್ನು ನೋಡಿ, ಉಸಿರು ಬಿಗಿಹಿಡಿದು ಎರಡೂ ಕೈಯಲ್ಲಿ ವಾಪಸು ಒರೆಗೆ ಸೇರಿಸಿದ. ಮುಚ್ಚಳ ಹಾಕಿ ಗುಂಡಿ ಒತ್ತಿದ. ಆಮೇಲೂ ಧೈರ್ಯ ಸಾಲದೆ ಒಂದು ಹಳೆಯ ಟವೆಲಿನಲ್ಲಿ ಸುತ್ತಿ, ಆ ಟವೆಲನ್ನು ಇನ್ನೊಂದು ಟವೆಲಿನಲ್ಲಿ ಸುತ್ತಿ ಗರಾಜಿನ ಕ್ಯಾಂಪಿಂಗ್ ಬ್ಯಾಗಿನ ತಳದಲ್ಲಿ ಇಟ್ಟ.

“ಒಂದು ಸೌತೆಕಾಯಾದರೂ ಹೆಚ್ಚಿ ನೋಡು,” ಎಂದಳು ಮೈಥಿಲಿ. “ಹುಡುಗೀರ ಮುಂದೆ ಮೊದಲ ಸಲ ಹಿಡೀಬೇಡ.”

“ಅದು ತರಕಾರಿ ಚಾಕು ಅಲ್ಲ ಮೈಥಿಲಿ. ಅಂಚು ಹಾಳಾಗುತ್ತೆ.”

“ಸೌತೆಕಾಯಿಗೆ?”

ಶ್ರೀಕಂಠ ಬ್ಯಾಗಿನ ಜಿಪ್ಪು ಎಳೆದ. ಅವನ ಅಭ್ಯಾಸವೆಲ್ಲ ವೀಡಿಯೋ ನೋಡುತ್ತ, ಪೆನ್ಸಿಲು ಹಿಡಿದು, ಗಾಳಿಯಲ್ಲಿ ನಡೆಯಿತು. ಒಣಗಿದ ಕಡ್ಡಿಯನ್ನು ತುದಿಯಿಂದ ಹೆರೆಯುತ್ತ ಬರಬೇಕು, ಸುರುಳಿ ಕಡ್ಡಿಯಿಂದ ಕಳಚಿ ಬೀಳಬಾರದು. ಒಂದರ ಮೇಲೊಂದು ಸುರುಳಿ ನಿಂತು ಕಡ್ಡಿಗೆ ಗರಿ ಮೂಡಿದ ಹಾಗೆ ಕಾಣಬೇಕು. ಅದಕ್ಕೆ ಫೆದರ್ ಸ್ಟಿಕ್ ಎಂದು ಹೆಸರು. ಕಿಡಿ ಬಿದ್ದರೆ ಅದು ಭಗ್ಗನೆ ಹೊತ್ತಿಕೊಳ್ಳುತ್ತದೆ. ಗಾಳಿಯಲ್ಲಿ ಅವನು ಮಾಡಿದ ಫೆದರ್ ಸ್ಟಿಕ್ಕುಗಳೆಲ್ಲ ಬಹಳ ಚೆನ್ನಾಗಿ ಬಂದಿದ್ದವು.

ಕ್ಯಾಂಪಿಂಗಿಗೆ ಹೊರಡುವ ಹಿಂದಿನ ಸಂಜೆ ಆಯುಧಪೂಜೆ. ಶ್ರೀಕಂಠ ಮೈಸೂರಿನವನು. ಬೇರೆ ಹಬ್ಬಗಳನ್ನು ವಾರಾಂತ್ಯಕ್ಕೆ ತಳ್ಳಿದರೂ ತಳ್ಳಿಯಾನು, ಇದನ್ನು ಮಾತ್ರ ಬಿಡುವವನಲ್ಲ. ಗೊಂಬೆಗಳನ್ನು ಕೂರಿಸಿದ್ದ ಮೆಟ್ಟಿಲುಗಳ ಮುಂದೆ ಮಣೆ ಹಾಕಿ, ಅದರ ಮೇಲೆ ಕಾರಿನ ಕೀ, ಎರಡು ಲ್ಯಾಪ್‌ಟಾಪು, ಮೈಥಿಲಿಯ ಸ್ಟೆತಸ್ಕೋಪು, ಕುಕ್ಕರು, ತನ್ವಿಯ ಕ್ಯಾಲ್ಕ್ಯುಲೇಟರು ಎಲ್ಲವನ್ನೂ ಜೋಡಿಸಿದ. ಕಾರಿನ ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟು ಬಂದ. ಬೂದುಗುಂಬಳವನ್ನು ಮೈಥಿಲಿ ಕೊಯ್ದಳು. ತನ್ವಿ ಒಂದು ಕಿವಿಗೆ ಇಯರ್‌ಬಡ್ ಹಾಕಿಕೊಂಡು ಗೋಡೆಗೆ ಒರಗಿ ನಿಂತಿದ್ದಳು.

ಕುಂಕುಮದ ಬಟ್ಟಲು ಕೈಗೆತ್ತಿಕೊಂಡಾಗ ಶ್ರೀಕಂಠನಿಗೆ ಹೊಳೆಯಿತು. ಜೀವನದಲ್ಲಿ ಮೊದಲ ಸಲ ಮನೆಯಲ್ಲಿ ಆಯುಧ ಅನ್ನಬಹುದಾದ ಒಂದು ವಸ್ತು ಇದೆ. ಇಷ್ಟು ವರ್ಷ ಕುಕ್ಕರಿಗೆ ಆಯುಧವೆಂದು ಪೂಜೆ ಮಾಡಿದ್ದಾಯಿತು, ನಿಜವಾದದ್ದನ್ನು ಬಿಡುವುದುಂಟೇ? ಗರಾಜಿಗೆ ಓಡಿದ. ಬ್ಯಾಗಿನ ತಳಕ್ಕೆ ಕೈ ಹಾಕಿ, ಟವೆಲು ಬಿಚ್ಚಿ, ಇನ್ನೊಂದು ಟವೆಲು ಬಿಚ್ಚಿ, ಗುಂಡಿ ತೆಗೆದು ಚಾಕು ಎಳೆದ. ದೇವರ ಮುಂದೆ ಚರ್ಮ ತರುವುದು ಅವನ ಮನೆಯಲ್ಲಿ ಯಾವ ಕಾಲಕ್ಕೂ ನಡೆದದ್ದಲ್ಲ. ಬೆಲ್ಟನ್ನೇ ಬಿಚ್ಚಿಟ್ಟು ಕೂರುವವನು ಒರೆಯನ್ನು ಒಳಗೆ ತರುತ್ತಾನೆಯೇ? ಒರೆಯ ಮುಚ್ಚಳ ಹಾಕಿ, ಅದನ್ನು ಮೊದಲಿನ ಹಾಗೇ ಸುತ್ತಿ ಬ್ಯಾಗಿನಲ್ಲೇ ಇಟ್ಟು, ಅಲಗನ್ನು ಮಾತ್ರ ಮೈಯಿಂದ ದೂರ ಹಿಡಿದು ನಡೆದು ಬಂದ. ಸ್ಟೆತಸ್ಕೋಪಿನ ಪಕ್ಕ ಮಲಗಿಸಿ, ಹಿಡಿಗೆ ಅರಿಶಿನ ಕುಂಕುಮ ಇಟ್ಟು, ಮೇಲೊಂದು ಚೆಂಡು ಹೂ ಇಟ್ಟ. ಫೋಟೋ ತೆಗೆದು ಮೈಸೂರಿನ ಎಲ್ಲ ಗ್ರೂಪುಗಳಿಗೂ ಕಳಿಸಿದ.

ಬೆಳಗ್ಗೆ ಗಡಿಬಿಡಿ. ಮೈಥಿಲಿ ಆಗಲೇ ಆಸ್ಪತ್ರೆಗೆ ಹೊರಟುಹೋಗಿದ್ದಳು, ಸ್ಟೆತಸ್ಕೋಪು ದೇವರ ಹತ್ತಿರವೇ ಇರಲಿ ಎಂದು ಬೇರೆಯದನ್ನು ತೆಗೆದುಕೊಂಡು. ಶ್ರೀಕಂಠ ಸ್ನಾನ ಮಾಡಿ, ಮಂಗಳಾರತಿ ಎತ್ತಿ, ತಾಯಿ ಅಪ್ಪಣೆ ಕೊಡು ಎಂದು ಕೇಳಿಕೊಂಡು ಕಾರಿನ ಕೀ ಎತ್ತಿಕೊಂಡ. ತನ್ವಿ ಶೂ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಚಾಕು ಇದೆಯೇ ಎಂದು ಮನಸ್ಸು ಒಮ್ಮೆ ಕೇಳಿತು. ಬ್ಯಾಗಿನಲ್ಲಿ ಇದೆ, ನಾನೇ ಸುತ್ತಿ ಇಟ್ಟಿದ್ದೇನೆ ಎಂದು ಮನಸ್ಸೇ ಉತ್ತರ ಹೇಳಿತು. ಹೊರಡುವ ಮುಂಚೆ ಬ್ಯಾಗಿನ ಒಳಗೆ ಕೈಯಾಡಿಸಿದ. ಟವೆಲಿನ ಸುರುಳಿ ಗಟ್ಟಿಯಾಗಿ ಸಿಕ್ಕಿತು. ಸಮಾಧಾನವಾಯಿತು.

ಬೆಟ್ಟದಲ್ಲಿ ಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗಿತ್ತು. ಓಕ್ ಮರಗಳ ಕೆಳಗೆ ಟೆಂಟುಗಳು ಎದ್ದವು. ಕಾಡಿನ ಸೌದೆ ಮುಟ್ಟುವ ಹಾಗಿಲ್ಲ. ಪಾರ್ಕಿನವರು ಮಾರುವ ಕಟ್ಟನ್ನೇ ಕೊಂಡು, ಕಬ್ಬಿಣದ ಬಳೆ ಹಾಕಿದ ಒಲೆಯೊಳಗೇ ಉರಿಸಬೇಕು. ಬೇರೆ ಅಪ್ಪ ಅಮ್ಮಂದಿರು ಗಂಟು ಹಾಕುವುದು, ನಕ್ಷೆ ನೋಡುವುದು, ನೀರು ಸೋಸುವುದು ಎಲ್ಲ ಕಲಿಸಿ ಮುಗಿಸಿದರು. ಹೊತ್ತು ಇಳಿಯುವಾಗ ಕ್ಲಬ್ಬು ನಡೆಸುವ ಎಲೆನಾ ಎಂಬ ಗಟ್ಟಿ ದನಿಯ ಹೆಂಗಸು ಎಲ್ಲರನ್ನೂ ಒಲೆಯ ಸುತ್ತ ಕೂರಿಸಿ, ಈಗ ತನ್ವಿಯ ತಂದೆ ಬೆಂಕಿ ಮಾಡುತ್ತಾರೆ ಎಂದು ಹೇಳಿ ಚಪ್ಪಾಳೆ ತಟ್ಟಿದಳು.

ಶ್ರೀಕಂಠ ಟವೆಲು ಬಿಚ್ಚಿದ. ಒರೆಯನ್ನು ಬೆಲ್ಟಿಗೆ ಏರಿಸಿಕೊಂಡ. ಇಲ್ಲಿ ಇಂಥ ಚಾಕುವನ್ನು ಎಲ್ಲರಿಗೂ ಕಾಣುವ ಹಾಗೆ ಕಟ್ಟಿಕೊಳ್ಳಬೇಕು, ಅಂಗಿಯೊಳಗೆ ಬಚ್ಚಿಡಬಾರದು ಎಂದು ಓದಿ ತಿಳಿದಿದ್ದರಿಂದ ಅಂಗಿಯನ್ನು ಪ್ಯಾಂಟಿನೊಳಗೆ ಸಿಕ್ಕಿಸಿದ್ದ. ಒರೆ ಎಷ್ಟು ಹಗುರ ಅನ್ನಿಸಿತು. ಕಟ್ಟಿಕೊಂಡದ್ದೇ ಗೊತ್ತಾಗುತ್ತಿಲ್ಲವಲ್ಲ, ರಿವ್ಯೂ ಬರೆದವರು ಸುಮ್ಮನೆ ಹೊಗಳಲಿಲ್ಲ, ತನ್ನ ಆಯ್ಕೆ ಅಂದರೆ ಆಯ್ಕೆ ಎಂದು ಒಳಗೊಳಗೇ ಹಿಗ್ಗಿದ.

ಹಾಗೆ ಹಿಗ್ಗಿದವನು ನೇರವಾಗಿ ಕೆಲಸಕ್ಕೆ ಇಳಿಯಬಹುದಿತ್ತು. ಆದರೆ ಎರಡು ತಿಂಗಳ ಓದು ಹೊಟ್ಟೆಯಲ್ಲಿ ಒದ್ದಾಡುತ್ತಿತ್ತು. ಸೊಂಟದ ಮೇಲೆ ಕೈ ಇಟ್ಟು, ಮಡಿಚುವ ಚಾಕು ಏಕೆ ಕೂಡದು ಎಂಬಲ್ಲಿಂದ ಶುರು ಮಾಡಿದ. ಫುಲ್ ಟ್ಯಾಂಗ್ ಆಯಿತು. ಸ್ಟೇನ್‌ಲೆಸ್ಸಿಗೂ ಕಾರ್ಬನ್ನಿಗೂ ಇರುವ ವ್ಯತ್ಯಾಸ ಆಯಿತು. ಕೊಬ್ಬರಿ ಎಣ್ಣೆಯೂ ಬಂತು. ಹುಡುಗಿಯರಲ್ಲಿ ಒಬ್ಬಳು ಆಕಳಿಸಿದಳು, ಒಬ್ಬಳು ಶೂ ಲೇಸಿಗೆ ಗಂಟು ಹಾಕುವುದನ್ನು ಅಭ್ಯಾಸ ಮಾಡಿದಳು. ತನ್ವಿ ತನ್ನ ಗೆಳತಿ ಝೋಯಿಯ ಪಕ್ಕ ಮೊಣಕಾಲಿನ ಮೇಲೆ ಗಲ್ಲ ಇಟ್ಟುಕೊಂಡು ನೆಲ ನೋಡುತ್ತಿದ್ದಳು. ಆ ನೋಟ ಕಂಡು ಶ್ರೀಕಂಠ ಮಾತು ನಿಲ್ಲಿಸಿದ.

“ಓಕೆ. ದ ನೈಫ್,” ಎಂದು ಹಿತ್ತಾಳೆಯ ಗುಂಡಿ ತೆಗೆದ.

ಒಳಗೆ ಏನೂ ಇರಲಿಲ್ಲ.

ಮನುಷ್ಯ ಅಂಥ ಹೊತ್ತಿನಲ್ಲಿ ಎಷ್ಟು ಪೆದ್ದನಾಗುತ್ತಾನೆಂದರೆ, ಕಣ್ಣಿಗೆ ಖಾಲಿ ಎಂದು ಕಂಡರೂ ಎರಡು ಬೆರಳು ಇಳಿಸಿ ತಳದವರೆಗೂ ತಡಕಿ ನೋಡಿದ. ಒರೆಯನ್ನು ಬೋರಲು ಮಾಡಿ ಅಲ್ಲಾಡಿಸಿದ. ಆಗ ಅವನಿಗೆ ಫ್ರೀಮಾಂಟಿನ ಮನೆ ಕಂಡಿತು. ಸ್ಟೆತಸ್ಕೋಪಿನ ಪಕ್ಕ, ಕುಂಕುಮ ಇಟ್ಟುಕೊಂಡು, ತಲೆಯ ಮೇಲೆ ಚೆಂಡು ಹೂ ಹೊತ್ತು, ಹಾಯಾಗಿ ಮಲಗಿರುವ ಚಾಕು. ಎರಡು ತಿಂಗಳು ಜಗತ್ತನ್ನೆಲ್ಲ ಜಾಲಾಡಿ ಆರಿಸಿ, ಬೆಟ್ಟಕ್ಕೆ ಹೊತ್ತು ತಂದದ್ದು ಅದರ ಚೀಲವನ್ನು.

“ಈಸ್ ಇಟ್ ಇನ್ವಿಸಿಬಲ್?” ಎಂದು ಒಬ್ಬಳು ಕೇಳಿದಳು. ಹುಡುಗಿಯರು ಕಿಸಕ್ಕನೆ ನಕ್ಕರು.

ಇಪ್ಪತ್ತು ವರ್ಷ ಅಮೆರಿಕದಲ್ಲಿ ಮೀಟಿಂಗು ನಡೆಸಿದ ಶ್ರೀಕಂಠನ ಇಂಗ್ಲಿಷು ಆ ಕ್ಷಣ ಕೈಕೊಟ್ಟಿತು. “ಮೈ ನೈಫ್,” ಎಂದ. “ಮೈ ನೈಫ್ ಈಸ್ ವಿತ್ ಗಾಡ್.”

ನಗು ನಿಂತಿತು. ಎಲೆನಾ ಯಾರೋ ತೀರಿಕೊಂಡ ಸುದ್ದಿ ಕೇಳಿದವಳ ಹಾಗೆ ಎದೆಯ ಮೇಲೆ ಕೈ ಇಟ್ಟುಕೊಂಡು, ಅಯ್ಯೋ ಪಾಪ ಎನ್ನುವ ಮುಖ ಮಾಡಿದಳು. ವಿಯರ್ಡ್ ಆಗಬೇಡ ಎಂದು ಮಗಳು ಕೇಳಿಕೊಂಡದ್ದು ಒಂದೇ ಮಾತು. ಅದನ್ನು ತಾನು ಇನ್ನು ಇದಕ್ಕಿಂತ ಚೆನ್ನಾಗಿ ಮುರಿಯಲು ಸಾಧ್ಯವಿಲ್ಲ ಎಂದು ಶ್ರೀಕಂಠನಿಗೆ ಖಾತ್ರಿಯಾಯಿತು. ಅವಳ ಕಡೆ ನೋಡುವ ಧೈರ್ಯವಾಗಲಿಲ್ಲ. ಸೋಮವಾರದಿಂದ ಅವಳು ಸ್ಕೂಲಿಗೆ ಬಸ್ಸಿನಲ್ಲೇ ಹೋಗುತ್ತಾಳೆ ಎಂದುಕೊಂಡ.

ತನ್ವಿ ಎದ್ದು ನಿಂತಳು. ಅವಳು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗೆ: “ಚಾಕು ಇವತ್ತು ರಜೆಯಲ್ಲಿದೆ. ನಮ್ಮ ಮನೆಯಲ್ಲಿ ವರ್ಷಕ್ಕೊಂದು ಸಲ ಸಾಮಾನುಗಳಿಗೆ ರಜೆ ಕೊಡುತ್ತೇವೆ. ಅವು ವರ್ಷವೆಲ್ಲ ನಮಗಾಗಿ ದುಡಿಯುತ್ತವಲ್ಲ, ಅದಕ್ಕೆ. ಒರೆಸಿ, ಹೂ ಇಟ್ಟು, ಥ್ಯಾಂಕ್ಸ್ ಹೇಳಿ ದೇವರ ಹತ್ತಿರ ಇಡುತ್ತೇವೆ. ದೇವಿ ಹೋಗು ಅನ್ನುವವರೆಗೂ ಅವುಗಳನ್ನು ಕೆಲಸಕ್ಕೆ ಹಚ್ಚುವ ಹಾಗಿಲ್ಲ. ನಮ್ಮಮ್ಮನ ಸ್ಟೆತಸ್ಕೋಪೂ ಇವತ್ತು ಮನೆಯಲ್ಲೇ ಇದೆ, ನನ್ನ ಕ್ಯಾಲ್ಕ್ಯುಲೇಟರೂ ಇದೆ. ದೇವರ ಹತ್ತಿರ ಲೆದರ್ ಇಡಬಾರದು, ಅದಕ್ಕೆ ಒರೆ ಮಾತ್ರ ಬಂದಿದೆ.”

ಶ್ರೀಕಂಠ ಬಾಯಿ ಬಿಟ್ಟುಕೊಂಡು ನೋಡಿದ. ಇದನ್ನೆಲ್ಲ ಅವಳಿಗೆ ಯಾರೂ ಕೂರಿಸಿ ಹೇಳಿಕೊಟ್ಟಿರಲಿಲ್ಲ. ಗೋಡೆಗೆ ಒರಗಿ ನಿಂತವಳ ಒಂದು ಕಿವಿಯಲ್ಲಿ ಇಯರ್‌ಬಡ್ ಇತ್ತು ಎಂದು ಅವನು ಎಷ್ಟು ಸಲ ಕೊರಗಿದ್ದ. ಇನ್ನೊಂದು ಕಿವಿ ತೆರೆದೇ ಇತ್ತು ಎಂಬುದು ಅವನಿಗೆ ಹೊಳೆದಿರಲಿಲ್ಲ.

“ಹಾಗಾದರೆ ಕಾರು?” ಎಂದು ಝೋಯಿ ಕೇಳಿದಳು. ಬುದ್ಧಿವಂತ ಹುಡುಗಿ. “ಅದಕ್ಕೆ ರಜೆ ಇಲ್ಲವಾ?”

ತನ್ವಿ ಒಂದು ಕ್ಷಣವೂ ತಡವರಿಸಲಿಲ್ಲ. “ಕಾರಿಗೆ ಅಪ್ಪ ಬೆಳಗ್ಗೆ ಸ್ಪೆಷಲ್ ಪರ್ಮಿಷನ್ ಕೇಳಿಕೊಂಡರು. ನಾನು ನೋಡಿದೆ.”

ಹುಡುಗಿಯರಿಗೆ ಇದು ನ್ಯಾಯವಾಗಿ ಕಂಡಿತು. ಒಬ್ಬಳಿಗೆ ತನ್ನ ಸ್ಕೇಟ್‌ಬೋರ್ಡಿಗೂ ಒಂದು ದಿನ ರಜೆ ಕೊಡಬಹುದೇ ಎಂದು ತಿಳಿಯಬೇಕಿತ್ತು. ಕೊಡಬಹುದು, ಹೂ ಮಾತ್ರ ಬೇಕು ಎಂದಳು ತನ್ವಿ. ಎಲೆನಾ ತನ್ನ ಹೈಸ್ಕೂಲು ಕಾಲದ ಬೈಸಿಕಲ್ಲನ್ನು ನೆನಪಿಸಿಕೊಂಡು ನಿಟ್ಟುಸಿರುಬಿಟ್ಟಳು. ಇದೆಲ್ಲ ಮುಗಿಯುವುದರೊಳಗೆ ಬೆಂಕಿಯ ವಿಷಯ ಎಲ್ಲರಿಗೂ ಮರೆತುಹೋಗಲಿ ಎಂದು ಶ್ರೀಕಂಠ ದೇವರಲ್ಲಿ ಬೇಡಿಕೊಂಡ. ಚಾಕು ಇಲ್ಲ ಎಂದ ಮೇಲೆ ಪರೀಕ್ಷೆಯೂ ಇಲ್ಲವಲ್ಲ.

ಎಲೆನಾಳಿಗೆ ಮರೆಯಲಿಲ್ಲ. “ನನ್ನದನ್ನು ತೆಗೆದುಕೊಳ್ಳಿ, ಇದಕ್ಕೆ ರಜೆ ಇಲ್ಲ,” ಎಂದು ಸೊಂಟದಿಂದ ಚಾಕು ಎಳೆದು ಅವನತ್ತ ಚಾಚಿದಳು. ಆರೆಂಜ್ ಹಿಡಿ. ಪ್ಲಾಸ್ಟಿಕ್ಕು. ಮಧುಕರ ಮೊದಲ ದಿನ ಹೇಳಿದ್ದ ಅದೇ ಚಾಕು.

ಶ್ರೀಕಂಠ ಕೈ ಚಾಚಿದವನು ಹಿಂದಕ್ಕೆ ತೆಗೆದುಕೊಂಡ. ಚಾಕುವನ್ನು ಕೈಯಿಂದ ಕೈಗೆ ಕೊಟ್ಟರೆ ಕೊಟ್ಟವರಿಗೂ ತೆಗೆದುಕೊಂಡವರಿಗೂ ಜಗಳವಾಗುತ್ತದೆ ಎಂದು ಅವನ ಅಜ್ಜಿ ಹೇಳಿ, ಅದು ಅವನ ಮೈಗೇ ಹತ್ತಿಹೋಗಿತ್ತು. “ಪ್ಲೀಸ್, ಕೆಳಗಿಡಿ. ನಾನು ಎತ್ತಿಕೊಳ್ಳುತ್ತೇನೆ,” ಎಂದ.

ಎಲೆನಾ ಚಾಕುವನ್ನು ಬೆಂಚಿನ ಮೇಲಿಟ್ಟಳು. ಆಮೇಲೆ ಹುಡುಗಿಯರ ಕಡೆ ತಿರುಗಿ, ನೋಡಿದಿರಾ, ಅನುಭವ ಇದ್ದವರು ಹೀಗೆ ಮಾಡುತ್ತಾರೆ, ಚಾಕುವನ್ನು ಯಾವತ್ತೂ ಕೈಯಿಂದ ಕೈಗೆ ಕೊಡಬಾರದು, ಇದು ಸೇಫ್ಟಿಯ ಮೊದಲ ಪಾಠ ಎಂದಳು. ಹುಡುಗಿಯರು ತಲೆಯಾಡಿಸಿದರು. ತನ್ವಿ ಮಾತ್ರ ತುಟಿ ಕಚ್ಚಿಕೊಂಡು ನಗು ತಡೆಯುತ್ತಿದ್ದಳು. ಅವಳಿಗೆ ಮುತ್ತಜ್ಜಿಯ ವಿಷಯವೂ ಗೊತ್ತಿತ್ತು ಎಂದಾಯಿತು.

ಅನುಭವಸ್ಥ ಸೌದೆಯ ಸೀಳೊಂದನ್ನು ಕೈಗೆತ್ತಿಕೊಂಡು ಹೆರೆಯಲು ಕೂತ. ಮೊದಲ ಸುರುಳಿ ಅರ್ಧ ಬಂದು ಕಳಚಿ ಬಿತ್ತು. ಎರಡನೆಯದೂ ಬಿತ್ತು. ಮೂರನೆಯದು ಸುರುಳಿಯೇ ಆಗಲಿಲ್ಲ, ದಪ್ಪ ಚಕ್ಕೆಯಾಗಿ ಹಾರಿ ಝೋಯಿಯ ಶೂ ಮೇಲೆ ಬಿತ್ತು. ಗಾಳಿಯ ಕಡ್ಡಿಗೂ ಸೌದೆಗೂ ಇರುವ ವ್ಯತ್ಯಾಸ ಯಾವ ವೀಡಿಯೋದಲ್ಲೂ ಇರಲಿಲ್ಲ. ಗರಿ ಮೂಡಬೇಕಿದ್ದ ಕಡ್ಡಿ ಬೋಳಾಗುತ್ತ, ಸಣ್ಣದಾಗುತ್ತ ಬಂತು. ಅವನ ಕಾಲ ಹತ್ತಿರ ಉದ್ದ ಗಿಡ್ಡ, ದಪ್ಪ ತೆಳು ಚೂರುಗಳ ರಾಶಿ ಬಿತ್ತು. ಮೈಥಿಲಿ ನೋಡಿದ್ದರೆ ಹೆಚ್ಚಿದ್ದಾ ಮುರಿದಿದ್ದಾ ಎಂದು ಖಂಡಿತ ಕೇಳುತ್ತಿದ್ದಳು.

ಶ್ರೀಕಂಠ ಚಾಕು ಕೆಳಗಿಟ್ಟ. ಬೆವರು ಒರೆಸಿಕೊಂಡ. “ಐ ಹ್ಯಾವ್ ಟು ಟೆಲ್ ಯೂ,” ಎಂದ. “ನಾನು ಇದರ ಬಗ್ಗೆ ಓದಿದ್ದೇನೆ ಅಷ್ಟೇ. ಬಹಳ ಓದಿದ್ದೇನೆ. ಮಾಡುತ್ತಿರುವುದು ಇವತ್ತೇ ಮೊದಲು.” ಇಂಗ್ಲಿಷಿನಲ್ಲಿ ಹೇಳುವಾಗ ಅದು ಇನ್ನಷ್ಟು ಬಡಕಲಾಗಿ ಕೇಳಿಸಿತು. ಹುಡುಗಿಯರು ನಕ್ಕರು, ಈ ಸಲ ಅವನೂ ನಕ್ಕ. ಬೇರೆ ದಾರಿ ಇರಲಿಲ್ಲ.

ಆಗ ತನ್ವಿ ಝೋಯಿಯ ಪಕ್ಕದಿಂದ ಎದ್ದು ಒಲೆಯ ಹತ್ತಿರ ಬಂದಳು. ಬಿದ್ದ ಚೂರುಗಳನ್ನು ಎರಡೂ ಕೈಯಲ್ಲಿ ಬಾಚಿ ಒಲೆಯ ನಡುವೆ ಗುಡ್ಡೆ ಹಾಕಿದಳು. ಅಪ್ಪ ಚಾಕುವಿನ ಜೊತೆಗೇ ತರಿಸಿದ್ದ, ಉಜ್ಜಿದರೆ ಕಿಡಿ ಹಾರುವ ಲೋಹದ ಕಡ್ಡಿಯನ್ನು ಬ್ಯಾಗಿನಿಂದ ತೆಗೆದು ಅವನ ಕೈಗೆ ಕೊಟ್ಟಳು. ಶ್ರೀಕಂಠ ಚಾಕುವಿನ ಬೆನ್ನಿನಿಂದ ಅದನ್ನು ಉಜ್ಜಿದ, ಕಿಡಿ ಎಲ್ಲೆಲ್ಲೋ ಬಿತ್ತು. ಮತ್ತೆ ಉಜ್ಜಿದ. ಮತ್ತೆ. ಹುಡುಗಿಯರು ಒಬ್ಬೊಬ್ಬರಾಗಿ ಹತ್ತಿರ ಸರಿದು ಬಗ್ಗಿ ನೋಡತೊಡಗಿದರು. ಕೊನೆಗೆ ಒಂದು ತೆಳು ಚೂರಿನ ಅಂಚು ಕೆಂಪಗಾಗಿ ಹೊಗೆ ಎದ್ದಿತು. ಅಪ್ಪ ಮಗಳು ಇಬ್ಬರೂ ನೆಲಕ್ಕೆ ಗಲ್ಲ ಹಚ್ಚಿ ಊದಿದರು.

ಊದುತ್ತ ಊದುತ್ತ, ತಲೆ ಎತ್ತದೆ, ತನ್ವಿ ಕೇಳಿದಳು: “ಅಪ್ಪ, ನೀನು ಚಾಕು ಮರ್ತ್ಬಿಟ್ಟೆ ಅಲ್ವಾ?”

ಅವಳು ಕೇಳಿದ್ದು ಕನ್ನಡದಲ್ಲಿ. ಶ್ರೀಕಂಠ ಗಾಬರಿಯಿಂದ ಸುತ್ತ ನೋಡಿದ. ಹುಡುಗಿಯರೆಲ್ಲ ಕೈಯಳತೆಯಲ್ಲೇ ಇದ್ದರು, ಝೋಯಿಯ ತಲೆ ತನ್ವಿಯ ತಲೆಗೆ ತಾಗುತ್ತಿತ್ತು. ಯಾರಿಗೂ ಏನೂ ತಿಳಿದಿರಲಿಲ್ಲ.

“ಹೂಂ ಪುಟ್ಟಿ,” ಎಂದ. “ಮರ್ತೇ ಹೋಯ್ತು.”

“ನೀನು ಯಾರಿಗೂ ಹೇಳ್ಬೇಡ. ನಾನೂ ಹೇಳಲ್ಲ.”

ಉರಿ ಹತ್ತಿಕೊಂಡಿತು. ಏನಂದೆ, ಏನಂದೆ ಎಂದು ಝೋಯಿ ಅವಳ ತೋಳು ಹಿಡಿದು ಎಳೆದಳು.

“ನಥಿಂಗ್,” ಎಂದಳು ತನ್ವಿ. “ಫ್ಯಾಮಿಲಿ ಸ್ಟಫ್.” ಹಾಗೆಂದು ಹೇಳಿ ಅಪ್ಪನ ಪಕ್ಕದಲ್ಲೇ ಕಾಲು ಮಡಿಚಿ ಕೂತಳು. ಊಟಕ್ಕೆ ಕರೆದಾಗಲೂ ಅಲ್ಲಿಂದ ಏಳಲಿಲ್ಲ. ತನ್ನ ತಟ್ಟೆಯನ್ನು ಅಲ್ಲಿಗೇ ತರಿಸಿಕೊಂಡಳು.